ಘಾಟಿ ಇಳಿಯುವ ಮೊದಲು ಯಾರ ಮಾತು ಕೇಳಬೇಕು? ಹವಾಮಾನ ಸೇವೆಗಳ ಹೋಲಿಕೆ

ಜೂನ್ ಹುಟ್ಟಿತೆಂದರೆ ಕೋಲಾರದ ಎಪಿಎಂಸಿಯಲ್ಲಿ ಎರಡು ಮಾತು ಎಲ್ಲರ ಬಾಯಲ್ಲೂ ಇರುತ್ತವೆ. ಹದಿನೈದು ಕೆಜಿ ಬಾಕ್ಸಿಗೆ ಇವತ್ತು ಎಷ್ಟು ಕೂಗಿದರು ಎಂಬುದು ಒಂದು. ಘಾಟಿಯಲ್ಲಿ ಮಳೆ ಹೇಗಿದೆ ಎಂಬುದು ಇನ್ನೊಂದು. ನಮ್ಮ ಟೊಮೆಟೊ ಹೆಚ್ಚು ಬರುವುದೂ ಪಶ್ಚಿಮ ಘಟ್ಟದಲ್ಲಿ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಮಂಡಿಯ ಪಕ್ಕದ ಸಣ್ಣ ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಕುಳಿತು ವಾಹನ ಗೊತ್ತುಮಾಡಿ ಲೋಡ್ ಕಳಿಸುವ ನನ್ನನ್ನು ರೈತರು, ಕ್ಯಾಂಟರ್ ಮಾಲೀಕರು, ಧರ್ಮಸ್ಥಳಕ್ಕೆ ಹೊರಟ ನೆರೆಮನೆಯವರು ಕೇಳುವುದು ಒಂದೇ: “ಯಾವ ಆಪ್ ನೋಡಬೇಕು ಸ್ವಾಮಿ? ಒಂದೊಂದು ಒಂದೊಂದು ಹೇಳುತ್ತದೆ.”

ಕೆಲವು ವರ್ಷಗಳ ಹಿಂದೆ ನಾನೂ ಒಂದೇ ಆಪ್ ನೋಡುತ್ತಿದ್ದೆ. ಜುಲೈನ ಒಂದು ಸಂಜೆ ಫೋನಿನಲ್ಲಿ ಮಂಗಳೂರು ಎಂದು ಹುಡುಕಿದಾಗ ಮೋಡ, ಅದರ ಕೆಳಗೆ ಎರಡು ಹನಿ ಕಂಡವು. ಇನ್ನೂರೈವತ್ತು ಬಾಕ್ಸ್ ಹೊತ್ತ ಕ್ಯಾಂಟರನ್ನು ಆರು ಗಂಟೆಗೆ ಬಿಟ್ಟೆವು. ರಾತ್ರಿ ಒಂದೂವರೆಗೆ ಡ್ರೈವರ್ ಸಕಲೇಶಪುರದ ಆಚೆಯ ದೋಣಿಗಲ್‌ನಿಂದ ಫೋನ್ ಮಾಡಿದ. ಕೆಳಗೆ ಎಲ್ಲೋ ಮಣ್ಣು ಜಾರಿತ್ತು, ಮುಂದೆ ಕೆಂಪು ದೀಪಗಳ ಸಾಲು, ಹಿಂದೆಯೂ ಸಾಲು. ತಿರುಗಿಸಿಕೊಂಡು ಬೇರೆ ದಾರಿ ಹಿಡಿದು ಮಂಗಳೂರು ಮುಟ್ಟುವಷ್ಟರಲ್ಲಿ ಮರುದಿನ ರಾತ್ರಿಯಾಗಿತ್ತು. ಹಿಂಬದಿಯ ಬಾಗಿಲು ತೆರೆದಾಗ ಅಡಿಯ ಸಾಲಿನ ಹಣ್ಣು ಒಡೆದು ರಸ ಹಲಗೆಯ ಸಂದಿನಿಂದ ತೊಟ್ಟಿಕ್ಕುತ್ತಿತ್ತು, ಹುಳಿ ವಾಸನೆ ಮೂಗಿಗೆ ಹೊಡೆಯಿತು ಎಂದು ಡ್ರೈವರ್ ಹೇಳಿದ. ನನ್ನನ್ನು ಬಹಳ ದಿನ ಕಾಡಿದ್ದು ಇನ್ನೊಂದು ಸಂಗತಿ: ಆ ರಾತ್ರಿ ಮಂಗಳೂರಿನಲ್ಲಿ ನಿಜವಾಗಿಯೂ ಎರಡು ಹನಿ ಮಳೆಯಷ್ಟೇ ಬಿದ್ದಿತ್ತು. ಆಪ್ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಸರಕು ಇಳಿಯುವ ಊರಿನ ಮಳೆ ಕೇಳಿದ್ದೆ, ವಾಹನ ಇಳಿಯುವ ಇಳಿಜಾರಿನ ಮಳೆ ಕೇಳಿರಲಿಲ್ಲ.

ನಮ್ಮದು ಬಯಲುಸೀಮೆ, ಘಾಟಿಯ ಗೊಡವೆ ನಮಗೇಕೆ ಎನ್ನುವವರು ಮನೆ ಮುಂದಿನ ರಸ್ತೆಯನ್ನು ಒಮ್ಮೆ ನೋಡಬೇಕು. ಕೋಲಾರ, ಮುಳಬಾಗಿಲಿನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75 ಬೆಂಗಳೂರು, ಹಾಸನ ದಾಟಿ ಶಿರಾಡಿ ಘಾಟಿ ಇಳಿದು ಬಂಟ್ವಾಳಕ್ಕೆ ಹೋಗುತ್ತದೆ. ತುಮಕೂರಿನಿಂದ ಹೊರಡುವ ಹೆದ್ದಾರಿ 73 ತಿಪಟೂರು, ಅರಸೀಕೆರೆ, ಬೇಲೂರು, ಮೂಡಿಗೆರೆ ಹಿಡಿದು ಚಾರ್ಮಾಡಿ ಇಳಿಯುತ್ತದೆ. ಚಿಕ್ಕಬಳ್ಳಾಪುರ, ಬಾಗೇಪಲ್ಲಿಯ ಹೆದ್ದಾರಿ 44 ಅಂತೂ ಹೈದರಾಬಾದ್, ನಾಗಪುರ, ದೆಹಲಿ, ಜಮ್ಮು ದಾಟಿ ಹಿಮಾಲಯದ ಮಡಿಲಿನ ಶ್ರೀನಗರದವರೆಗೆ ಹೋಗುತ್ತದೆ. ಕುಣಿಗಲ್ ಮೇಲೆ ಹಾಸನಕ್ಕೆ ಹೋಗುವ ರೈಲು ಹಳಿ ಸಕಲೇಶಪುರದಲ್ಲಿ ಘಟ್ಟದೊಳಗೆ ಇಳಿಯುತ್ತದೆ.

ಮೊದಲು ಅಳತೆಗೋಲು

ಸೇವೆಗಳನ್ನು ತೂಗುವ ಮೊದಲು ತಕ್ಕಡಿಯಲ್ಲಿ ಏನಿಡಬೇಕೆಂದು ತಿಳಿದಿರಬೇಕು. ನಾನು ನೋಡುವುದು ಐದು ಸಂಗತಿ.

ಮೊದಲನೆಯದು ಜಾಗ. ಈ ಮುನ್ಸೂಚನೆ ಇಡೀ ಜಿಲ್ಲೆಗೆ ಹೇಳಿದ್ದೋ, ಹೋಬಳಿಗೋ, ಆ ಇಳಿಜಾರಿಗೋ? ಎರಡನೆಯದು ಗಂಟೆ. ಕೋಲಾರದಿಂದ ಸಕಲೇಶಪುರಕ್ಕೆ ಲೋಡ್ ವಾಹನಕ್ಕೆ ಏಳು ಗಂಟೆಯ ದಾರಿ. ಹೊರಡುವಾಗ ನೋಡಿದ ಮೂರು ಗಂಟೆಯ ಮುನ್ಸೂಚನೆ ನೆಲಮಂಗಲದ ಟೋಲ್ ದಾಟಿ ಸ್ವಲ್ಪ ಹೊತ್ತಿಗೇ ಹಳತಾಗಿರುತ್ತದೆ. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಬರಲಿರುವ ಮಳೆಯೋ, ಆಗಲೇ ಬಿದ್ದ ಮಳೆಯೋ? ಗುಡ್ಡ ಕುಸಿಯುವುದು ಇವತ್ತಿನ ಒಂದು ಜಡಿಮಳೆಯಿಂದ ಮಾತ್ರವಲ್ಲ. ದಿನಗಟ್ಟಲೆ ನೀರು ಕುಡಿದು ಭಾರವಾದ ಮಣ್ಣು, ರಸ್ತೆ ಅಗಲ ಮಾಡಲು ನೆಟ್ಟಗೆ ಕಡಿದ ಬದು, ಅದರ ಮೇಲೆ ಕೊನೆಯ ಒಂದು ಮಳೆ, ಹೀಗೆ ಮೂರೂ ಕೂಡಿದಾಗ ಜಾರುತ್ತದೆ. ನಾಲ್ಕನೆಯದು, ಮಾಹಿತಿ ಸ್ಟೀರಿಂಗ್ ಹಿಡಿದವನಿಗೆ ಅವನ ಭಾಷೆಯಲ್ಲಿ, ಸಿಗ್ನಲ್ ಇರುವ ಜಾಗದಲ್ಲಿ ಮುಟ್ಟುತ್ತದೆಯೇ ಎಂಬುದು. ಶಿರಾಡಿಯ ಒಳಗೆ ಎಷ್ಟೋ ಕಡೆ ಫೋನ್ ಸತ್ತಂತಿರುತ್ತದೆ. ಐದನೆಯದು ಖರ್ಚು. ಅದರಲ್ಲಿ ಹಣದ ಜೊತೆ ಸಮಯವನ್ನೂ ಲೆಕ್ಕ ಹಿಡಿಯಿರಿ. ದಿನಕ್ಕೆ ಅರ್ಧ ಗಂಟೆ ನಕ್ಷೆ ನೋಡುತ್ತ ಕೂರಲು ಒಂಟಿ ಕ್ಯಾಂಟರಿನ ಮಾಲೀಕನಿಗೆ ಎಲ್ಲಿ ಬಿಡುವಿದೆ?

ಹವಾಮಾನ ಇಲಾಖೆಯ ಬಣ್ಣಗಳು

1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯೇ ಎಲ್ಲದಕ್ಕೂ ತಳಪಾಯ. ಅದರ ‘ಮೌಸಮ್’ ಆಪ್ ಉಚಿತ. ಜಿಲ್ಲೆ ಜಿಲ್ಲೆಗೆ ಮುಂದಿನ ದಿನಗಳ ಎಚ್ಚರಿಕೆಯನ್ನು ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಕೊಡುತ್ತದೆ. ಟಿವಿಯಲ್ಲಿ ಕೇಳುವ ‘ಭಾರಿ ಮಳೆ’ಗೂ ಅಳತೆಯಿದೆ. 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರಿ, 115.6ರಿಂದ 204.4 ಆದರೆ ಅತಿ ಭಾರಿ, ಅದನ್ನೂ ಮೀರಿದರೆ ಅತ್ಯಂತ ಭಾರಿ.

ಈ ಅಳತೆ ಎಲ್ಲ ಊರಿಗೂ ಒಂದೇ, ಆದರೆ ನೆಲ ಒಂದೇ ಅಲ್ಲ. ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ ಕಾಣುವ ಕೋಲಾರದಲ್ಲಿ ಒಂದೇ ದಿನ 65 ಮಿ.ಮೀ. ಬಿದ್ದರೆ ಜನ ಕೆರೆ ಕೋಡಿ ನೋಡಲು ಹೋಗುತ್ತಾರೆ. ಅಷ್ಟೇ ಮಳೆಗೆ ಸಕಲೇಶಪುರದ ತೋಟದವರು ತಲೆಗೊಂದು ಗೊರಗು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಹಾಗಾಗಿ ಜುಲೈನಲ್ಲಿ ಘಟ್ಟದ ಮೇಲೆ ಹಳದಿ ಬಣ್ಣ ಕಂಡ ಮಾತ್ರಕ್ಕೆ ಲೋಡ್ ನಿಲ್ಲಿಸಿದರೆ ಇಡೀ ಸೀಸನ್ ಮನೆಯಲ್ಲೇ ಕೂರಬೇಕಾಗುತ್ತದೆ. ಕಿತ್ತಳೆ ಬಂದರೆ ಹಗಲು ಇಳಿಸುವಂತೆ ಹೊತ್ತು ಬದಲಿಸುತ್ತೇನೆ. ಕೆಂಪು ಬಂದರೆ ಆ ದಿಕ್ಕಿಗೆ ಲೋಡ್ ಒಪ್ಪಿಕೊಳ್ಳುವುದಿಲ್ಲ.

ದೊಡ್ಡ ಕೊರತೆಯೆಂದರೆ ಬಣ್ಣ ಇಡೀ ಜಿಲ್ಲೆಗೆ ಬೀಳುತ್ತದೆ. ಹಾಸನ ಜಿಲ್ಲೆಯ ಪೂರ್ವಕ್ಕೆ ತೆಂಗಿನ ಒಣ ಸೀಮೆ ಅರಸೀಕೆರೆ, ಪಶ್ಚಿಮಕ್ಕೆ ಮಳೆಕಾಡಿನ ಸಕಲೇಶಪುರ. ಎರಡಕ್ಕೂ ಒಂದೇ ಬಣ್ಣ. ಹಾಸನಕ್ಕೆ ಕಿತ್ತಳೆ ಎಂದ ದಿನ ಅರಸೀಕೆರೆಯಲ್ಲಿ ಕೊಬ್ಬರಿ ಒಣಗಿಸುತ್ತಿರುತ್ತಾರೆ. ತಿಪಟೂರಿನಿಂದ ಕೊಬ್ಬರಿ ತುಂಬಿದವರು ಈ ಬಿಸಿಲು ನೋಡಿ ಮೋಸ ಹೋಗಬಾರದು.

ರಾಡಾರ್ ಚಿತ್ರದ ಬಗ್ಗೆ ಒಂದು ಮಾತು, ಏಕೆಂದರೆ ಹುಡುಗರು ಅದನ್ನೇ ಹೆಚ್ಚು ನಂಬುತ್ತಾರೆ. ಭೂಮಿ ದುಂಡಗಿರುವುದರಿಂದ ರಾಡಾರ್ ಕಿರಣ ದೂರ ಹೋದಷ್ಟೂ ನೆಲದಿಂದ ಮೇಲೇರುತ್ತದೆ. ಅರ್ಧ ಡಿಗ್ರಿ ಎತ್ತಿ ಬಿಟ್ಟ ಕಿರಣ 230 ಕಿ.ಮೀ. ದೂರಕ್ಕೆ ಬರುವಾಗ ಸುಮಾರು ಐದು ಕಿ.ಮೀ. ಎತ್ತರದಲ್ಲಿರುತ್ತದೆ. ಚೆನ್ನೈ ರಾಡಾರಿನಿಂದ ಕೋಲಾರ ಹೆಚ್ಚುಕಡಿಮೆ ಅಷ್ಟೇ ದೂರ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಏಳುವ ಗುಡುಗುಮೋಡ ಬೆಟ್ಟದ ಹಾಗೆ ಹತ್ತು ಕಿ.ಮೀ. ಮೀರಿ ನಿಲ್ಲುವುದರಿಂದ ಅದು ಕಿರಣಕ್ಕೆ ಸಿಗುತ್ತದೆ. ಶ್ರೀನಿವಾಸಪುರದ ಮಾವಿನ ತೋಪಿನತ್ತ ಆಲಿಕಲ್ಲು ಮಳೆ ಬರುತ್ತಿದೆಯೇ ಎಂದು ನೋಡಲು ಆ ಚಿತ್ರ ಒಳ್ಳೆಯದು. ಪಲಮನೇರು, ಚಿತ್ತೂರಿನ ಕಡೆಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಲೋಡ್ ಹೊಡೆಯುವವರಿಗೂ, ಬಂಗಾಳ ಕೊಲ್ಲಿಯ ಚಂಡಮಾರುತ ಬಂದಾಗಲೂ ಅದೇ ಚಿತ್ರ ನೆರವಾಗುತ್ತದೆ. ಆದರೆ ಪಶ್ಚಿಮ ಘಟ್ಟದ ಮುಂಗಾರು ಮೋಡ ತಗ್ಗಿನಲ್ಲಿ ಗುಡ್ಡ ತಬ್ಬಿಕೊಂಡು ಸುರಿಯುತ್ತದೆ. ದೂರದ ರಾಡಾರಿನ ಕಿರಣ ಅದರ ತಲೆಯ ಮೇಲೆಯೇ ಹಾದುಹೋಗುತ್ತದೆ. ಚಿತ್ರ ಖಾಲಿ ಕಂಡಿತೆಂದು ಘಾಟಿ ಒಣಗಿದೆ ಎಂದುಕೊಳ್ಳಬೇಡಿ.

ಬಿದ್ದ ಮಳೆಯ ಲೆಕ್ಕ: ರಾಜ್ಯದ ಮಳೆಮಾಪಕಗಳು

ನನ್ನ ಮಟ್ಟಿಗೆ ಘಾಟಿಯ ವಿಚಾರದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು, ಎಲ್ಲಕ್ಕಿಂತ ಕಡಿಮೆ ಜನ ನೋಡುವ ಸೇವೆ: ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಈ ಸಂಸ್ಥೆ ಯಲಹಂಕದಲ್ಲಿದೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಇದರ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳಿವೆ, ಹದಿನೈದು ನಿಮಿಷಕ್ಕೊಮ್ಮೆ ತಾವಾಗಿಯೇ ಲೆಕ್ಕ ಕಳಿಸುತ್ತವೆ. ‘ವರುಣ ಮಿತ್ರ’ ಎಂಬ ಸಹಾಯವಾಣಿಗೆ ಹಗಲು ರಾತ್ರಿ ಎನ್ನದೆ ಕರೆ ಮಾಡಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ. ರೈತರಿಗಾಗಿ ಮಾಡಿದ ವ್ಯವಸ್ಥೆಯಾದರೂ ವಾಹನದವರೂ ಕೇಳಬಹುದು.

ಇದು ಜಿಲ್ಲೆಯ ಮಾತಾಡುವುದಿಲ್ಲ, ಹೋಬಳಿಯ ಮತ್ತು ಪಂಚಾಯಿತಿಯ ಮಾತಾಡುತ್ತದೆ. ಅದೇ ಇದರ ಬಲ. ಶಿರಾಡಿಗಾದರೆ ಸಕಲೇಶಪುರ ತಾಲ್ಲೂಕಿನ ಮಾರನಹಳ್ಳಿ, ಹಾನುಬಾಳು, ಹೆತ್ತೂರಿನ ಸುತ್ತಲಿನ ಅಂಕಿ ನೋಡುತ್ತೇನೆ. ಚಾರ್ಮಾಡಿಗಾದರೆ ಬಣಕಲ್, ಕೊಟ್ಟಿಗೆಹಾರ. ಮಳೆಗಾಲದಲ್ಲಿ ಮೇಜಿನ ಮೇಲೆ ಒಂದು ನೂರು ಪುಟದ ನೋಟ್‌ಬುಕ್ ಇರುತ್ತದೆ. ಬೆಳಿಗ್ಗೆ ಎಂಟೂವರೆಗೆ ಮುಗಿದ ದಿನದ ಮಳೆಯನ್ನು ಒಂದು ಸಾಲಿನಲ್ಲಿ ಬರೆದು, ಪಕ್ಕದಲ್ಲಿ ಹಿಂದಿನ ಮೂರು ದಿನದ ಮೊತ್ತ ಹಾಕುತ್ತೇನೆ. ಮೊತ್ತ 300 ಮಿ.ಮೀ. ದಾಟಿತೆಂದರೆ ಆಕಾಶ ಎಷ್ಟೇ ತಿಳಿಯಾಗಿರಲಿ, ರಾತ್ರಿ ವಾಹನ ಇಳಿಸುವುದಿಲ್ಲ. ಇದು ನಮ್ಮ ಕಚೇರಿಯ ರೂಢಿಯಷ್ಟೇ, ಯಾವ ತಜ್ಞರೂ ಕೊಟ್ಟ ಗಡಿಯಲ್ಲ. ಆದರೆ ಮಳೆ ನಿಂತ ಮರುದಿನ ಬಿಸಿಲಿನಲ್ಲಿ ಮಣ್ಣು ಜಾರಿದ್ದನ್ನು ಕಂಡ ಡ್ರೈವರುಗಳು ಈ ರೂಢಿಯನ್ನು ಒಮ್ಮೆಯೂ ಪ್ರಶ್ನಿಸಿಲ್ಲ.

ಇದರ ಕೊರತೆಯೂ ಹೇಳಬೇಕು. ಹಳೆಯ ಮಳೆ ಗೊತ್ತಾದ ಮಾತ್ರಕ್ಕೆ ನಾಳೆಯ ಮಳೆ ಗೊತ್ತಾಗುವುದಿಲ್ಲ, ಅದಕ್ಕೆ ಇಲಾಖೆಯ ಬಣ್ಣವೇ ಬೇಕು. ರಾಜ್ಯದ ಗಡಿ ದಾಟಿದರೆ ಈ ಮಾಪಕಗಳಿಲ್ಲ. ತಾಮರಶ್ಶೇರಿ ಘಾಟಿ ಇಳಿದು ಕೋಯಿಕ್ಕೋಡಿಗೆ ಹೋಗುವವರು ಕೇರಳದ ಎಚ್ಚರಿಕೆಗಳನ್ನೇ ನೋಡಬೇಕು. ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿರ್ಬಂಧವಿರುವುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ವಿಂಡಿ ಮತ್ತು ಇತರ ಆಪ್‌ಗಳು

ಬಣ್ಣ ಬಣ್ಣದ ಗಾಳಿಯ ನಕ್ಷೆಯಿಂದಾಗಿ ‘ವಿಂಡಿ’ ಈಗ ಎಲ್ಲರ ಫೋನಿನಲ್ಲಿದೆ. ಉಚಿತವಾಗಿ ಸಿಗುವ ಭಾಗವೇ ನಮಗೆ ಸಾಕು. ಅದು ಸ್ವಂತ ಮುನ್ಸೂಚನೆ ತಯಾರಿಸುವುದಿಲ್ಲ, ದೊಡ್ಡ ಸಂಸ್ಥೆಗಳ ಕಂಪ್ಯೂಟರ್ ಮಾದರಿಗಳನ್ನು ತೋರಿಸುತ್ತದೆ. ಯುರೋಪಿನ ಮಾದರಿ ಭೂಮಿಯನ್ನು ಸುಮಾರು 9 ಕಿ.ಮೀ. ಚೌಕಗಳಾಗಿ ನೋಡುತ್ತದೆ, ಅಮೆರಿಕದ್ದು ಸುಮಾರು 13 ಕಿ.ಮೀ. ನಮ್ಮ ಹವಾಮಾನ ಇಲಾಖೆ 2025ರ ಮೇ ತಿಂಗಳಲ್ಲಿ ಬಳಕೆಗೆ ತಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ 6 ಕಿ.ಮೀ. ಚೌಕಕ್ಕೆ ಇಳಿದಿದೆ.

ಚೌಕದ ಅಳತೆ ಏಕೆ ಮುಖ್ಯ? ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗುಂಡ್ಯ ತಳದಲ್ಲಿದೆ. ನಡುವಿನ ಇಳಿಜಾರೆಲ್ಲ ಇಂತಹ ಕೆಲವೇ ಚೌಕಗಳೊಳಗೆ ಮುಗಿದುಹೋಗುತ್ತದೆ. ಯಾವ ಕಣಿವೆಯಲ್ಲಿ ಜೋರು, ಯಾವ ತಿರುವಿನಲ್ಲಿ ಮಂಜು ಎಂದು ಮಾದರಿಗೆ ಕಾಣಿಸುವುದಿಲ್ಲ. ನಾಲ್ಕೈದು ದಿನ ಮುಂಚಿತವಾಗಿ ಮಳೆಯ ಜೋರು ಏರುತ್ತದೋ ಇಳಿಯುತ್ತದೋ ಎಂದು ನೋಡಲು ಮಾತ್ರ ನಾನು ಇದನ್ನು ಬಳಸುತ್ತೇನೆ. ಟೊಮೆಟೊ ಕೀಳುವುದನ್ನು ಎರಡು ದಿನ ಮುಂದೂಡಬಹುದೇ ಎಂದು ಕೇಳುವ ರೈತರಿಗೆ ಇದು ಒಳ್ಳೆಯ ಸಾಧನ. ಯುರೋಪಿನ, ಅಮೆರಿಕದ ಎರಡೂ ಮಾದರಿಗಳನ್ನು ಒಂದಾದ ಮೇಲೊಂದು ಒತ್ತಿ ನೋಡಿ. ಎರಡೂ ಒಂದೇ ದಿನ ಜೋರು ಮಳೆ ತೋರಿಸಿದರೆ ನಂಬಿಕೆ ಹೆಚ್ಚಿಸಿಕೊಳ್ಳಿ, ಒಂದು ಏರಿಗೆ ಒಂದು ನೀರಿಗೆ ಎಳೆದರೆ ಮರುದಿನ ಮತ್ತೆ ನೋಡಿ.

ಫೋನಿನ ಜೊತೆಗೇ ಬರುವ ಮೋಡದ ಚಿತ್ರದ ಆಪ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊರೊಳಗೆ ಬಟ್ಟೆ ಒಣಹಾಕಲು ಸಾಕು. ಸಿಡಿಲಿಗೆ ‘ದಾಮಿನಿ’ ಇದೆ, ಅದು ಹೊಲದಲ್ಲಿರುವವರ ಜೀವ ಉಳಿಸುವ ಆಪ್. ಲಾರಿಯವರಿಗಿಂತ ಮೊದಲು ಟೊಮೆಟೊ ಕೀಳುವ ಹೆಣ್ಣುಮಕ್ಕಳ ಮೇಸ್ತ್ರಿಯ ಫೋನಿನಲ್ಲಿ ಇರಬೇಕು.

ಹಣ ಕೊಟ್ಟು ಪಡೆಯುವ ಸೇವೆ

2003ರಲ್ಲಿ ಶುರುವಾದ ಸ್ಕೈಮೆಟ್‌ನಂತಹ ಖಾಸಗಿ ಸಂಸ್ಥೆಗಳು ಕಂಪನಿಗಳಿಗೆ ಬೇಕಾದ ಜಾಗಕ್ಕೆ ತಕ್ಕಂತೆ ಮುನ್ಸೂಚನೆ ಮಾರುತ್ತವೆ. ಒಂದೆರಡು ವಾಹನದವರಿಗೆ ಇದು ಬೇಡವೇ ಬೇಡ. ಹತ್ತಿಪ್ಪತ್ತು ಲಾರಿ ಇಟ್ಟುಕೊಂಡು ಮಹಾರಾಷ್ಟ್ರ, ದೆಹಲಿ, ಕೋಲ್ಕತ್ತಾವರೆಗೆ ಕಳಿಸುವವರಿಗೆ, ಶೀತಲ ವಾಹನದಲ್ಲಿ ಹೂವು ಸಾಗಿಸುವ ಚಿಕ್ಕಬಳ್ಳಾಪುರದವರಿಗೆ ಯೋಚಿಸುವಂತಹದ್ದು. ಸಹಿ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿ. ಮುನ್ಸೂಚನೆ ನನ್ನ ರಸ್ತೆಯ ಉದ್ದಕ್ಕೂ, ನನ್ನ ವಾಹನ ಅಲ್ಲಿ ತಲುಪುವ ಹೊತ್ತಿಗೆ ಸಿಗುತ್ತದೆಯೇ? ಕಳೆದ ಮಳೆಗಾಲದಲ್ಲಿ ಅದೇ ರಸ್ತೆಗೆ ನೀವು ಹೇಳಿದ್ದೇನು, ಆದದ್ದೇನು ಎಂದು ತೋರಿಸುತ್ತೀರಾ? ಎರಡನೆಯದಕ್ಕೆ ಕಾಗದ ತೆಗೆದು ತೋರಿಸದವರಿಗೆ ಹಣ ಕೊಡಬೇಡಿ. ರಾತ್ರಿ ಪಾಳಿಯಲ್ಲಿ ಕುಳಿತು ಡ್ರೈವರುಗಳಿಗೆ ಫೋನ್ ಮಾಡುವ ಒಬ್ಬ ಹುಡುಗನಿಗೆ ಅದೇ ಹಣ ಕೊಟ್ಟರೆ ಹೆಚ್ಚು ಲಾಭ ಎಂಬುದು ನನ್ನ ಅನುಭವ.

ಮಳೆಯಲ್ಲ, ರಸ್ತೆಯ ಸುದ್ದಿ

ಯಾವ ಹವಾಮಾನ ಸೇವೆಯೂ ರಸ್ತೆ ತೆರೆದಿದೆಯೇ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಜಿಲ್ಲಾಧಿಕಾರಿಯ ಆದೇಶ ಮತ್ತು ಪೊಲೀಸರು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಹಲವು ಕಡೆ ಕುಸಿದ ಮೇಲೆ ಅಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬಂತು. 2024ರ ಜುಲೈನಲ್ಲಿ ಶಿರಾಡಿಯ ದೊಡ್ಡತಪ್ಪಲು ಬಳಿ ಮತ್ತೆ ಮತ್ತೆ ಗುಡ್ಡ ಜಾರಿತು. ಅದೇ ತಿಂಗಳ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡವೇ ಬಿದ್ದು, ಚಹಾ ಅಂಗಡಿಯ ಬಳಿ ನಿಂತಿದ್ದವರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಘಟ್ಟದ ಕೆಳಗೆ ಕಡಿದ ಬದುವಿನ ಬುಡದಲ್ಲಿ ಚಹಾ ಕುಡಿಯಲೆಂದು ವಾಹನ ನಿಲ್ಲಿಸಬೇಡಿ ಎಂದು ಅಂದಿನಿಂದ ಪ್ರತಿಯೊಬ್ಬ ಡ್ರೈವರಿಗೂ ಹೇಳುತ್ತಿದ್ದೇನೆ.

ರಸ್ತೆಯ ಸುದ್ದಿಗೆ ನನಗೆ ಗೊತ್ತಿರುವ ಅತಿ ಅಗ್ಗದ, ಅತಿ ವೇಗದ ಸೂಚನೆ ಶಾಲೆಗಳ ರಜೆ. ಘಟ್ಟದ ತಾಲ್ಲೂಕುಗಳಲ್ಲಿ ಮಳೆ ಜೋರಾದರೆ ತಾಲ್ಲೂಕಿಗೆ ತಾಲ್ಲೂಕೇ ಬೇರೆಯಾಗಿ ರಜೆ ಘೋಷಿಸುತ್ತಾರೆ. ಹಿಂದಿನ ಸಂಜೆಯೋ ಬೆಳಗಿನ ಜಾವವೋ ಆ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ಅರಸೀಕೆರೆಗೆ ರಜೆಯಿಲ್ಲ, ಸಕಲೇಶಪುರಕ್ಕೆ ಇದೆ ಎಂದರೆ ಜಿಲ್ಲೆಯ ಬಣ್ಣ ಹೇಳದ ಮಾತನ್ನು ಅದು ಹೇಳಿತೆಂದೇ ಅರ್ಥ. ಸ್ಥಳೀಯ ಅಧಿಕಾರಿಗಳು ಹಳ್ಳ, ಸೇತುವೆ, ರಸ್ತೆ ವಿಚಾರಿಸಿಯೇ ಮಕ್ಕಳನ್ನು ಮನೆಯಲ್ಲಿರಿ ಎನ್ನುತ್ತಾರೆ. ಜೊತೆಗೆ ಸಕಲೇಶಪುರದಲ್ಲಿ ಒಂದು ಹೋಟೆಲ್, ಕೊಟ್ಟಿಗೆಹಾರದಲ್ಲಿ ಒಂದು ಅಂಗಡಿಯ ನಂಬರ್ ಇಟ್ಟುಕೊಳ್ಳಿ. “ಅಣ್ಣಾ, ಕೆಳಗಿನಿಂದ ಲಾರಿ ಹತ್ತಿ ಬರುತ್ತಿವೆಯಾ?” ಎಂದು ಕೇಳಿದರೆ ಸಾಕು. ಬರುತ್ತಿದ್ದರೆ ದಾರಿ ಇದೆ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ವ್ಯವಸ್ಥೆ ಆಯಾ ಪ್ರದೇಶದಲ್ಲಿರುವ ಫೋನುಗಳಿಗೆ ತಾನೇ ಸಂದೇಶ ಕಳಿಸುತ್ತದೆ. ಇಂಟರ್ನೆಟ್ ಬೇಡ, ಬಟನ್ ಫೋನಿಗೂ ಬರುತ್ತದೆ. ಆದರೆ ಅದು ನೀವು ಆ ಪ್ರದೇಶ ಹೊಕ್ಕ ಮೇಲೆ ಸಿಗುವ ಎಚ್ಚರಿಕೆ. ಕೋಲಾರದಲ್ಲಿ ಕುಳಿತು ಹೊರಡಬೇಕೋ ಬೇಡವೋ ಎಂದು ನಿರ್ಧರಿಸುವವರು ಅದೇ ಹೆಸರಿನ ಆಪ್ ತೆರೆದು ಮುಂದಿನ ಜಿಲ್ಲೆಯ ಎಚ್ಚರಿಕೆ ನೋಡಬೇಕು.

ಮಂಜು: ಚಿಕ್ಕಬಳ್ಳಾಪುರದ ಬೇರೆಯದೇ ಸಮಸ್ಯೆ

ಮಳೆ ಮುಗಿದ ಮೇಲೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಮಂಜಿನ ಕಾಲ. 2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಹೊರವಲಯದಲ್ಲಿ ಹೆದ್ದಾರಿ ಬದಿ ನಿಂತಿದ್ದ ಟ್ಯಾಂಕರಿಗೆ ಮಂಜಿನಲ್ಲಿ ವಾಹನವೊಂದು ಡಿಕ್ಕಿ ಹೊಡೆದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ನಾವು ಘಾಟಿಯ ಹೆಸರು ಹೇಳಿ ಹೆದರುತ್ತೇವೆ, ಸಾವು ನೆಟ್ಟಗಿನ ರಸ್ತೆಯಲ್ಲೇ ಕಾದಿತ್ತು.

ಇಲಾಖೆಯ ಲೆಕ್ಕದಲ್ಲಿ 200 ಮೀಟರಿನಾಚೆ ಕಾಣದಿದ್ದರೆ ದಟ್ಟ ಮಂಜು, 50 ಮೀಟರಿಗಿಂತ ಕಡಿಮೆಯಾದರೆ ಅತಿ ದಟ್ಟ. ಆದರೆ ಯಾವ ಕೆರೆಯ ಬಳಿ ಎಷ್ಟು ಎಂದು ಯಾರೂ ಮುಂಚಿತವಾಗಿ ಹೇಳಲಾರರು. ನಂದಿ ಬೆಟ್ಟದ ಆಸುಪಾಸಿನವರಿಗೆ ಒಂದು ಉಪಾಯವಿದೆ, ಬಹಳ ಜನಕ್ಕೆ ಗೊತ್ತಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಎಷ್ಟು ಮೀಟರ್ ದೂರ ಕಾಣುತ್ತಿದೆ ಎಂಬ ವರದಿ ಅರ್ಧ ಗಂಟೆಗೊಮ್ಮೆ ಹೊರಬೀಳುತ್ತದೆ. ಪೈಲಟ್‌ಗಳಿಗಾಗಿ ಮಾಡಿದ ಆ ವರದಿಯನ್ನು ‘ಮೆಟಾರ್’ ಎನ್ನುತ್ತಾರೆ, ಯಾರು ಬೇಕಾದರೂ ನೋಡಬಹುದು. ನಿಲ್ದಾಣವೂ ಚಿಕ್ಕಬಳ್ಳಾಪುರವೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ. ಬೆಳಿಗ್ಗೆ ನಾಲ್ಕಕ್ಕೆ ಅಲ್ಲಿ ಕಾಣುವ ದೂರ ಇಳಿಯುತ್ತಿದ್ದರೆ ಹೂವಿನ ಗಾಡಿಯನ್ನು ಒಂದು ಗಂಟೆ ತಡಮಾಡಿ. ಉಚಿತವಾಗಿ ಸಿಗುವ, ನೆಲದ ಮೇಲೆ ನಿಂತು ಅಳೆದ ಅಂಕಿ ಅದು.

ರೈಲಿನಲ್ಲಿ ಹೋಗುವವರಿಗೆ

ಕುಕ್ಕೆಗೋ ಕಾರವಾರಕ್ಕೋ ರೈಲು ಹಿಡಿಯುವ ತುಮಕೂರು, ಕೋಲಾರದವರು ಮಳೆಯ ಆಪ್ ನೋಡಿ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಅಲ್ಲಿ ಮಳೆ ನೋಡಿ ನಿರ್ಧಾರ ತೆಗೆದುಕೊಳ್ಳುವುದು ರೈಲ್ವೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ 55 ಕಿ.ಮೀ. ಹಳಿಯಲ್ಲಿ 57 ಸುರಂಗಗಳಿವೆ, ಐವತ್ತು ಅಡಿಗೆ ಒಂದು ಅಡಿ ಇಳಿಯುವ ಕಡಿದಾದ ಹಾದಿ. ಮಳೆಗಾಲದಲ್ಲಿ ಗ್ಯಾಂಗ್‌ಮನ್‌ಗಳು ರಾತ್ರಿಯೆಲ್ಲ ಟಾರ್ಚ್ ಹಿಡಿದು ಹಳಿಯ ಮೇಲೆ ನಡೆಯುತ್ತಾರೆ. ಕೊಂಕಣ ರೈಲ್ವೆ ಒಂದು ಹೆಜ್ಜೆ ಮುಂದಿದೆ: ಮಳೆಗಾಲಕ್ಕೇ ಬೇರೆ ವೇಳಾಪಟ್ಟಿ, ಹಳಿಯ ಪಕ್ಕದಲ್ಲೇ ಮಳೆಮಾಪಕ, ಶರಾವತಿ ಮುಂತಾದ ಸೇತುವೆಗಳ ಮೇಲೆ ಗಾಳಿಯ ವೇಗ ಅಳೆಯುವ ಸಾಧನ, ಮಹಾರಾಷ್ಟ್ರದ ಸಾವಿತ್ರಿ ಮುಂತಾದ ನದಿಗಳ ಸೇತುವೆಗಳಲ್ಲಿ ಪ್ರವಾಹದ ಎಚ್ಚರಿಕೆ. ಜೋರು ಮಳೆಯಲ್ಲಿ ದಾರಿ ಕಾಣದಾದರೆ ಗಂಟೆಗೆ 40 ಕಿ.ಮೀ.ಗೆ ಇಳಿಸಬೇಕೆಂಬ ನಿಯಮವಿದೆ. 2003ರ ಜೂನ್‌ನಲ್ಲಿ ವೈಭವವಾಡಿ ಬಳಿ ಹಳಿಗೆ ಬಿದ್ದ ಗುಡ್ಡಕ್ಕೆ ಕಾರವಾರದಿಂದ ಹೊರಟ ರೈಲು ಬಡಿದು ಐವತ್ತಕ್ಕೂ ಹೆಚ್ಚು ಜನ ಸತ್ತರು, ಮರುವರ್ಷ ಮತ್ಸ್ಯಗಂಧ ಹಳಿ ತಪ್ಪಿತು. ಇಷ್ಟು ಎಚ್ಚರ ಆ ಸಾವುಗಳಿಂದ ಕಲಿತದ್ದು.

ಆದ್ದರಿಂದ ಸುರಕ್ಷತೆಯ ದೃಷ್ಟಿಯಿಂದ ಮಳೆಗಾಲದ ರಾತ್ರಿ ಬಸ್ಸಿಗಿಂತ ರೈಲೇ ಮೇಲು ಎಂದು ನಾನು ಮನೆಯವರಿಗೂ ಹೇಳುತ್ತೇನೆ. ಆದರೆ ಕೆಟ್ಟರೆ ದೀರ್ಘಕಾಲ ಕೆಡುತ್ತದೆ. 2024ರ ಜುಲೈ 26ರಂದು ಯಡಕುಮರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋದಾಗ ಹಲವು ದಿನ ರೈಲು ಓಡಲಿಲ್ಲ. ರಸ್ತೆಯಾದರೆ ಬೇರೆ ಘಾಟಿ ಹಿಡಿಯಬಹುದು, ಹಳಿಗೆ ಪಕ್ಕದ ಹಾದಿಯಿಲ್ಲ. ಹೊರಡುವ ಹಿಂದಿನ ಸಂಜೆ 139ಕ್ಕೆ ಕರೆ ಮಾಡಿ ಅಥವಾ ರೈಲ್ವೆಯ ವಿಚಾರಣಾ ಆಪ್ ನೋಡಿ. ರೈಲ್ವೆಯೇ ರೈಲು ರದ್ದು ಮಾಡಿದರೆ ಆನ್‌ಲೈನ್ ಟಿಕೆಟ್‌ನ ಪೂರ್ತಿ ಹಣ ತಾನಾಗಿಯೇ ವಾಪಸ್ ಬರುತ್ತದೆ. ಅವಸರಪಟ್ಟು ನೀವೇ ರದ್ದು ಮಾಡಿದರೆ ಕಡಿತವಾಗುತ್ತದೆ.

ಹಿಮಾಲಯದ ಕಡೆಗೆ ಲಾರಿ ಕಳಿಸುವವರು ನಮ್ಮಲ್ಲಿ ಕಡಿಮೆ. ಜಮ್ಮು ದಾಟುವ ಲೋಡ್ ಇದ್ದರೆ ಮಳೆ, ಹಿಮದ ಮುನ್ಸೂಚನೆಗಿಂತ ಅಲ್ಲಿನ ಸಂಚಾರ ಪೊಲೀಸರ ದಿನದ ಪ್ರಕಟಣೆಯೇ ಮೊದಲು. ರಾಂಬನ್ ಸುತ್ತ ಕುಸಿತವಾದರೆ ಭಾರಿ ವಾಹನಗಳನ್ನು ಒಂದು ದಿನ ಒಂದೇ ದಿಕ್ಕಿಗೆ ಬಿಡುವುದುಂಟು.

ಯಾರಿಗೆ ಯಾವುದು?

ಒಂಟಿ ಕ್ಯಾಂಟರಿನ ಮಾಲೀಕರೇ, ನೀವು ಒಂದು ಪೈಸೆ ಖರ್ಚು ಮಾಡಬೇಡಿ. ಬೆಳಿಗ್ಗೆ ಇಲಾಖೆಯ ಬಣ್ಣ, ಮಧ್ಯಾಹ್ನ ವರುಣ ಮಿತ್ರಕ್ಕೆ ಒಂದು ಕರೆ, ರಾತ್ರಿ ಹಾಸನದಲ್ಲಿ ನಿಂತು ಸಕಲೇಶಪುರಕ್ಕೆ ಇನ್ನೊಂದು ಕರೆ, ಇಷ್ಟು ಸಾಕು. ಹಾಸನ ಮುಖ್ಯ, ಏಕೆಂದರೆ ದಾರಿಗಳು ಕವಲಾಗುವುದು ಅಲ್ಲೇ. ನೇರ ಹೋದರೆ ಶಿರಾಡಿ, ಬೇಲೂರಿನ ಮೇಲೆ ಚಾರ್ಮಾಡಿ, ದಕ್ಷಿಣಕ್ಕೆ ಅರಕಲಗೂಡು, ಕುಶಾಲನಗರ ಹಿಡಿದು ಸಂಪಾಜೆ. ಸಕಲೇಶಪುರ ದಾಟಿದ ಮೇಲೆ ಆಯ್ಕೆ ಇರುವುದಿಲ್ಲ, ಸಾಲು ಮಾತ್ರ ಇರುತ್ತದೆ. ತುಮಕೂರಿನಿಂದ ಹೊರಟವರಿಗೆ ಆ ಜಾಗ ಬೇಲೂರು.

ಕುಟುಂಬದೊಡನೆ ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೋಗುವವರು ಮಾರುಕಟ್ಟೆಗೆ ಮುಟ್ಟಬೇಕಾದ ಟೊಮೆಟೊ ಹೊತ್ತಿಲ್ಲ. ಬಣ್ಣ ಕಿತ್ತಳೆಯಾದರೂ, ಆ ತಾಲ್ಲೂಕಿಗೆ ರಜೆ ಕೊಟ್ಟರೂ ಮುಂದಿನ ವಾರ ಹೋಗಿ. ರೈತರು ವಿಂಡಿಯ ಎರಡು ಮಾದರಿ ನೋಡಿ ಕೀಳುವ ದಿನ ಗೊತ್ತುಮಾಡಲಿ. ಮಳೆಯ ವಾರದಲ್ಲಿ ಕೆಂಪಾದ ಹಣ್ಣಿಗಿಂತ ದೋರೆಗಾಯಿ ತುಂಬಿಸಿದರೆ ದಾರಿಯಲ್ಲಿ ಒಂದು ರಾತ್ರಿ ಹೆಚ್ಚು ತಡೆಯುತ್ತದೆ.

ಒಂದು ಮಾತು ಉಳಿದಿದೆ, ಅದು ಯಾವ ಆಪ್‌ನಲ್ಲೂ ಇಲ್ಲ. ಹಾಸನದಲ್ಲಿ ನಿಂತ ಡ್ರೈವರಿಗೆ ಮುಂದೆ ಅಪಾಯ ಎಂದು ಗೊತ್ತಾದರೂ, ನಿಂತರೆ ಬಾಡಿಗೆ ಕಡಿತವಾಗುತ್ತದೆ ಎಂಬ ಭಯವಿದ್ದರೆ ಅವನು ಇಳಿದೇ ಇಳಿಯುತ್ತಾನೆ. ಆ ಜುಲೈ ರಾತ್ರಿ ನಮ್ಮ ಹುಡುಗನೂ ಹಾಗೆಯೇ ಇಳಿಯಲು ಹೋಗಿದ್ದ. ಹಾಸನದಲ್ಲಿ ಎದುರು ಬಂದ ಲಾರಿಯವರು ಬೇಡ ಎಂದಿದ್ದರಂತೆ, ಆಮೇಲೆ ತಿಳಿಯಿತು. ನಾನು ಬೈಯುತ್ತೇನೆಂದು ಫೋನ್ ಮಾಡಿರಲಿಲ್ಲ. ಈಗ ಲೋಡ್ ಚೀಟಿಯ ಕೆಳಗೆ ಒಂದು ಸಾಲು ಬರೆದು ಮಂಡಿಯವರ ಸಹಿ ಪಡೆದೇ ವಾಹನ ಬಿಡುತ್ತೇವೆ: “ಮಳೆ ಕಾರಣಕ್ಕೆ ಹಾಸನದಲ್ಲಿ ತಂಗಿದರೆ ಒಂದು ರಾತ್ರಿಯ ಬಾಡಿಗೆ ಅರ್ಧ ಕಚೇರಿಯದು, ಅರ್ಧ ಮಾಲಿನವರದು. ನಿಲ್ಲುವುದು ಡ್ರೈವರನ ತೀರ್ಮಾನ.” ಮೊದಲ ವರ್ಷ ಇಬ್ಬರು ವ್ಯಾಪಾರಿಗಳು ಸಹಿ ಹಾಕದೆ ಬೇರೆ ಕಡೆ ಹೋದರು. ಅವರಲ್ಲಿ ಒಬ್ಬರು ಮರುವರ್ಷ ಆಗಸ್ಟ್‌ನಲ್ಲಿ ತಾವೇ ಬಂದು ಚೀಟಿ ಕೇಳಿ ಪಡೆದು, ಆ ಸಾಲಿನ ಕೆಳಗೆ ಹೆಸರು ಬರೆದರು.